ತಂತಿಯೋ ತಗಡೋ

ಪಟ್ಟಿ ಮೇಷ್ಟ್ರ ಪ್ರಕಾರ ಆ ಆಸ್ಪತ್ರೆಯಲ್ಲಿ ಕೆಲಸ ಬಲ್ಲವರು ಒಬ್ಬರೇ ಇದ್ದರು. ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತೊಂದು ವರ್ಷದಿಂದ ಅವರು ಮೂಳೆ ವಿಭಾಗದ ಪ್ಲಾಸ್ಟರ್ ರೂಮಿನಲ್ಲಿ ಮುರಿದ ಕೈಕಾಲುಗಳಿಗೆ ಪಟ್ಟಿ ಸುತ್ತುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೆ ಕಂಡಕಂಡವರಿಗೆಲ್ಲ ಪಾಠ ಹೇಳುವ ಚಟ ಇದ್ದದ್ದರಿಂದ ಮೇಷ್ಟ್ರು ಎಂಬ ಹೆಸರು ಬಿತ್ತು. ಕೊಟ್ಟವರು ಗೇಲಿಗೆ ಕೊಟ್ಟಿದ್ದರು. ಇವರು ಅದನ್ನು ಪದವಿಯೆಂದು ತಿಳಿದು ಎದೆಯುಬ್ಬಿಸಿ ಓಡಾಡಿದರು.

ರೂಮು ಅಂದರೆ ಕಿಟಕಿಯಿಲ್ಲದ ಉದ್ದನೆಯ ಕೋಣೆ. ಒಂದು ಗೋಡೆಗೆ ಕಲ್ಲಿನ ತೊಟ್ಟಿ, ಅದರ ಬಾಯಿಯ ಸುತ್ತ ವರ್ಷಗಟ್ಟಲೆ ಗಟ್ಟಿಯಾಗಿ ಕೂತ ಬಿಳಿ ಹಕ್ಕಳೆ. ನಡುವೆ ರೆಕ್ಸಿನ್ ಹೊದಿಸಿದ ಮೇಜು. ಎದುರು ಗೋಡೆಯಲ್ಲಿ ಎಕ್ಸ್‌ರೇ ಸಿಕ್ಕಿಸಿ ನೋಡುವ ಬೆಳಕಿನ ಪೆಟ್ಟಿಗೆ. ಮೂಲೆಯಲ್ಲಿ ಒಂದು ಕಬ್ಬಿಣದ ಬೀರು. ಇಡೀ ವಿಭಾಗದಲ್ಲಿ ಬೀಗ ಸರಿಯಾಗಿ ಬೀಳುತ್ತಿದ್ದ ಬೀರು ಅದೊಂದೇ. ಮೇಷ್ಟ್ರು ಪಟ್ಟಿಯನ್ನು ಬಕೆಟ್ಟಿನ ನೀರಿಗೆ ಇಳಿಬಿಟ್ಟು, ಗುಳ್ಳೆ ಏಳುವುದು ನಿಲ್ಲುವ ತನಕ ಕಾದು, ಎತ್ತಿ ಹಿಂಡಿ, ಹತ್ತಿ ಸುತ್ತಿದ ಕೈಯ ಮೇಲೆ ಹರಡುತ್ತಿದ್ದುದನ್ನು ನೋಡಬೇಕಿತ್ತು. ಕೆಲಸ ನಿಜಕ್ಕೂ ಚೊಕ್ಕವಾಗಿತ್ತು. ಅದನ್ನು ಒಪ್ಪದಿದ್ದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಕೊಳಕಾಗಿದ್ದದ್ದು ಬಾಯಿ.

"ಹೇಗೆ ಬಿದ್ರಿ?" ಎಂದು ಕೇಳುತ್ತಿದ್ದರು. ಬಂದವರು ಬಚ್ಚಲು, ಮೆಟ್ಟಿಲು, ಸೈಕಲ್ಲು ಅಂತ ಏನೋ ಹೇಳುತ್ತಿದ್ದರು. "ಅಂಗೈ ಊರಿ ಬಿದ್ರಿ. ಮಣಿಕಟ್ಟು ಮುರೀತು. ಅಷ್ಟೇ ತಾನೆ? ಅದಕ್ಕೆ ಇಷ್ಟುದ್ದ ಕಥೆ ಯಾಕೆ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಆಮೇಲೆ ಉದ್ಯೋಗ ಕೇಳುತ್ತಿದ್ದರು. ಅವರ ಕಣ್ಣಿನಲ್ಲಿ ಕೈಗಳಲ್ಲಿ ಎರಡು ಜಾತಿ. ಬರೆಯುವ, ಹೊಲಿಯುವ, ಕೆತ್ತುವ, ನುಡಿಸುವ ಕೈ ಒಂದು. ಅದು ನಿಜವಾದ ಕೈ. ಎತ್ತುವ, ತಳ್ಳುವ, ಒರೆಸುವ ಕೈ ಇನ್ನೊಂದು. ಅದು ಇದ್ದರೇನು, ಸ್ವಲ್ಪ ಸೊಟ್ಟಗಿದ್ದರೇನು.

ಮಣಿಕಟ್ಟು ಜರುಗಿ ಮುರಿದಾಗ ಬರೀ ಪಟ್ಟಿಯಲ್ಲಿ ನಿಲ್ಲದಿದ್ದರೆ ಆಪರೇಷನ್ ಮಾಡಬೇಕು. ಆ ಆಸ್ಪತ್ರೆಯಲ್ಲಿ ಅದಕ್ಕೆ ಇಬ್ಬರಿದ್ದರು. ಒಬ್ಬರು ಮುರಿದ ತುಂಡುಗಳನ್ನು ಎಳೆದು ಕೂರಿಸಿ, ಚರ್ಮದ ಮೇಲಿನಿಂದಲೇ ಎರಡು ಮೂರು ಉಕ್ಕಿನ ತಂತಿ ತೂರಿಸಿ, ತುದಿ ಹೊರಗೆ ಬಗ್ಗಿಸಿ ಬಿಡುತ್ತಿದ್ದರು. ಮೇಲೆ ಮೇಷ್ಟ್ರ ಪಟ್ಟಿ. ಆರು ವಾರದ ಮೇಲೆ ಪಟ್ಟಿ ಬಿಚ್ಚಿ ಇಕ್ಕಳದಿಂದ ತಂತಿ ಎಳೆಯುವವರೂ ಮೇಷ್ಟ್ರೇ. ಇನ್ನೊಬ್ಬರು ಅಂಗೈ ಕಡೆಯಿಂದ ಕೊಯ್ದು, ಮೂಳೆಯ ಮೇಲೆ ಪ್ಲೇಟ್ ಇಟ್ಟು, ತಿರುಪು ಹಾಕಿ, ಹೊಲಿದು ಮುಗಿಸುತ್ತಿದ್ದರು. ಇವರ ರೋಗಿಗಳಿಗೆ ಮೇಷ್ಟ್ರ ಪಟ್ಟಿ ಬೇಕಿರಲಿಲ್ಲ; ಎರಡು ವಾರಕ್ಕೆ ಹೊಲಿಗೆ ಬಿಚ್ಚಿಸಿಕೊಂಡು ಬೆರಳಾಡಿಸುತ್ತ ಹೋಗುತ್ತಿದ್ದರು. ಮೇಷ್ಟ್ರು ಒಬ್ಬರಿಗೆ ತಂತಿ ಡಾಕ್ಟ್ರು, ಇನ್ನೊಬ್ಬರಿಗೆ ತಗಡು ಡಾಕ್ಟ್ರು ಎಂದು ಹೆಸರಿಟ್ಟಿದ್ದರು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ. ತಂತಿಯವರು ತಗಡಿನವರನ್ನು ಕಮ್ಮಾರ ಎನ್ನುತ್ತಿದ್ದರು, ತಗಡಿನವರು ತಂತಿಯವರನ್ನು ಛತ್ರಿ ರಿಪೇರಿಯವನು ಎನ್ನುತ್ತಿದ್ದರು. ಮೇಷ್ಟ್ರು ಇಬ್ಬರ ಮಾತೂ ಸರಿ ಎನ್ನುತ್ತಿದ್ದರು.

ಆದರೂ ತಂತಿಯೋ ತಗಡೋ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು. "ತಗಡು! ಅದರಲ್ಲಿ ಎರಡು ಮಾತಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಆರು ವಾರಕ್ಕೆ ನಾನು ಬಿಚ್ಚಿ ನೋಡ್ತೀನಲ್ಲ, ಆ ತಂತಿ ಕೈಗಳನ್ನ. ಒಣಗಿದ ಕಡ್ಡಿ! ಮುಷ್ಟಿ ಕಟ್ಟಕ್ಕಾಗಲ್ಲ, ಬೀಗದ ಕೈ ತಿರುಗಿಸಕ್ಕಾಗಲ್ಲ. ತಗಡಿನವರು ಒಬ್ರಾದ್ರೂ ಹಾಗೆ ನನ್ನ ಮುಂದೆ ಬಂದಿದಾರಾ?"

ಬಂದಿರಲಿಲ್ಲ, ನಿಜ. ಬರುವ ಕಾರಣವೇ ಇರಲಿಲ್ಲವಲ್ಲ. ಆರು ವಾರ ಪಟ್ಟಿಯೊಳಗೆ ಮಲಗಿದ ಯಾವ ಕೈಯಾದರೂ ಬಿಚ್ಚಿದ ದಿನ ಕಡ್ಡಿಯಂತೆಯೇ ಇರುತ್ತದೆ. ಆ ಕೈ ಮಾರನೆಯ ದಿನದಿಂದ ಅದೇ ಕಾರಿಡಾರಿನ ತುದಿಯ ವ್ಯಾಯಾಮದ ಕೋಣೆಗೆ ಹೋಗುತ್ತಿತ್ತು. ಆಮೇಲೆ ಅದು ಏನಾಯಿತು ಎಂದು ಮೇಷ್ಟ್ರು ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ನಲವತ್ತು ಹೆಜ್ಜೆ ನಡೆದು ಹೋಗಿ ನೋಡಿರಲಿಲ್ಲ. ಬಾವಿಯೊಳಗಿನ ಕಪ್ಪೆಗೆ ಆಕಾಶ ಬಾವಿಯ ಬಾಯಿಯಷ್ಟೇ. ನಮ್ಮ ಕಪ್ಪೆ ಅಷ್ಟು ಆಕಾಶಕ್ಕೇ ಪಾಠ ಬೇರೆ ಹೇಳುತ್ತಿತ್ತು.

ಹೀಗಿರುವಾಗ ವಿಭಾಗಕ್ಕೆ ಹೊಸ ಲೇಡಿ ಡಾಕ್ಟರು ಬಂದರು. ವಯಸ್ಸು ಮೂವತ್ತೈದರ ಒಳಗೆ, ಸಣ್ಣ ದನಿ, ಹೆಗಲಿಗೆ ದೊಡ್ಡ ಚೀಲ. ಬಂದ ವಾರವೇ ಇಬ್ಬರು ಸರ್ಜನ್ನರನ್ನೂ ಒಂದೇ ಮೇಜಿಗೆ ಕೂರಿಸಿ, ಒಂದು ವರ್ಷದ ಮೇಲೆ ಯಾವ ಕೈ ಚೆನ್ನಾಗಿರುತ್ತದೆ, ತಂತಿಯದೋ ಪ್ಲೇಟಿನದೋ, ನ್ಯಾಯವಾಗಿ ಹೋಲಿಸಿ ನೋಡೋಣ ಎಂದರು. ತಾವೇ ಗೆಲ್ಲುವುದೆಂದು ಇಬ್ಬರಿಗೂ ಗ್ಯಾರಂಟಿ ಇದ್ದದ್ದರಿಂದ ಇಬ್ಬರೂ ಒಪ್ಪಿದರು.

ಆ ಡಾಕ್ಟರು ಪ್ಲಾಸ್ಟರ್ ರೂಮಿಗೂ ಬಂದರು. ಮೇಷ್ಟ್ರು ಕೈ ಒರೆಸಿಕೊಳ್ಳುತ್ತ, "ಇದಕ್ಕೆಲ್ಲ ಯಾಕೆ ಕಷ್ಟ ಮೇಡಂ? ನನ್ನ ಕೇಳಿ, ಹೇಳ್ತೀನಿ. ತಗಡೇ ಒಳ್ಳೇದು" ಎಂದರು.

"ಇರಬಹುದು ಮೇಷ್ಟ್ರೇ. ನನಗೆ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಅದಕ್ಕೇ ನೋಡೋಣ ಅಂತಿರೋದು."

ಆಕೆ ಆಚೆ ಹೋದ ಮೇಲೆ ಮೇಷ್ಟ್ರು ನಕ್ಕ ನಗು ಎಕ್ಸ್‌ರೇ ಕೋಣೆಯ ತನಕ ಕೇಳಿಸಿತು. ಹೆಸರಿನ ಮುಂದೆ ಮೂರು ಡಿಗ್ರಿ, ಬಾಯಲ್ಲಿ ಗೊತ್ತಿಲ್ಲ! ಗೊತ್ತಿಲ್ಲದವಳಿಗೆ ಸಂಬಳ ಯಾಕೆ, ಕುರ್ಚಿ ಯಾಕೆ? ಅಂದಿನಿಂದ ಆಕೆ ಗೊತ್ತಿಲ್ಲ ಡಾಕ್ಟ್ರು ಆದರು. ತಂತಿಯವರನ್ನೂ ತಗಡಿನವರನ್ನೂ ಮೇಷ್ಟ್ರು ತಿರಸ್ಕಾರದಿಂದ ನೋಡುತ್ತಿದ್ದರೂ ಅದರೊಳಗೆ ಒಂದಿಷ್ಟು ಭಯ ಇತ್ತು. ಈಕೆಯ ಮೇಲಿನ ತಿರಸ್ಕಾರಕ್ಕೆ ನೀರು ಬೆರೆತಿರಲಿಲ್ಲ.

ಏರ್ಪಾಡು ಸರಳವಾಗಿತ್ತು. ಎರಡರಲ್ಲಿ ಯಾವುದನ್ನು ಮಾಡಿದರೂ ನಡೆಯುತ್ತದೆ ಎಂದು ಇಬ್ಬರು ಸರ್ಜನ್ನರೂ ಒಪ್ಪಿದ ಮುರಿತಗಳು ಮಾತ್ರ ಹೋಲಿಕೆಗೆ. ರೋಗಿಗೆ ವಿಷಯ ತಿಳಿಸಿ, ಒಪ್ಪಿದರೆ ರುಜು ಹಾಕಿಸಿಕೊಂಡು, ಸಾಲಿನಲ್ಲಿರುವ ಮುಂದಿನ ನಂಬರಿನ ಲಕೋಟೆ ಒಡೆಯುವುದು. ಒಳಗಿನ ಚೀಟಿಯಲ್ಲಿ ತಂತಿ ಎಂದಿದ್ದರೆ ತಂತಿ, ಪ್ಲೇಟ್ ಎಂದಿದ್ದರೆ ಪ್ಲೇಟ್. ಯಾರಿಗೆ ಯಾವುದು ಎಂಬುದರಲ್ಲಿ ಯಾರ ಕೈವಾಡವೂ ಇರಬಾರದು. ಇದ್ದರೆ ಹೋಲಿಕೆಗೆ ಅರ್ಥವಿಲ್ಲ. ಲಕೋಟೆಗಳನ್ನು ಬೀಗ ಬೀಳುವ ಜಾಗದಲ್ಲಿ ಇಡಬೇಕಿತ್ತು. ಬೀಗ ಬೀಳುತ್ತಿದ್ದ ಬೀರು ಎಲ್ಲಿತ್ತೆಂದು ಹೇಳಿದ್ದೇನೆ. ಕೀಲಿ ಮೇಷ್ಟ್ರ ಸೊಂಟದಲ್ಲಿತ್ತು. ಬೆಕ್ಕಿನ ಕೈಗೆ ಹಾಲಿನ ಪಾತ್ರೆ ಕೊಟ್ಟು ಕಾಯಲು ಹೇಳಿದ ಹಾಗಾಯಿತು.

ಮೊದಲನೆಯ ದಿನವೇ ಮೇಷ್ಟ್ರು ಒಂದು ಲಕೋಟೆಯನ್ನು ಬೆಳಕಿನ ಪೆಟ್ಟಿಗೆಗೆ ಒತ್ತಿ ಹಿಡಿದರು. ಮೋಸ ಮಾಡುವ ಉದ್ದೇಶ ಆಗ ಇರಲಿಲ್ಲ. ಈಕೆಯ ಬುದ್ಧಿವಂತಿಕೆ ಎಷ್ಟಿದೆ ನೋಡೋಣ ಎಂಬ ಕುಚೋದ್ಯ. ಕಂದು ಕಾಗದದ ಹಿಂದೆ ಅಕ್ಷರ ಹಿಂದುಮುಂದಾಗಿ, ಆದರೆ ಸ್ಪಷ್ಟವಾಗಿ ಕಂಡಿತು. ಮೂವತ್ತೊಂದು ವರ್ಷ ಮೂಳೆಯ ಕೂದಲೆಳೆ ಬಿರುಕು ಹುಡುಕಿದ ಕಣ್ಣಿಗೆ ಅದೇನು ಮಹಾ. "ಥೂ, ಇಷ್ಟೇನಾ?" ಎಂದುಕೊಂಡರು.

ನೋಡಿದ್ದು ನೋಡಿಯೇ ಉಳಿದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಲಕೋಟೆಯನ್ನು ಬದಲಿಸುವಂತಿರಲಿಲ್ಲ, ನಂಬರು ಇತ್ತು, ಡಾಕ್ಟರು ನಂಬರು ನೋಡಿಯೇ ಒಡೆಯುತ್ತಿದ್ದರು. ಮನುಷ್ಯರಿಗೆ ನಂಬರು ಇರಲಿಲ್ಲವಲ್ಲ! ಮುಂದಿನ ಲಕೋಟೆಯಲ್ಲಿ ತಂತಿ ಇದೆ, ಬಾಗಿಲಲ್ಲಿ ಒಬ್ಬ ಡ್ರಾಯಿಂಗ್ ಟೀಚರು ಕೂತಿದ್ದಾನೆ ಅಂದರೆ, "ನಿಮ್ಮ ಫಿಲಂ ಅಲುಗಾಡಿದೆ, ಇನ್ನೊಂದು ತೆಗೆಸ್ಕೊಂಡು ಬನ್ನಿ" ಎಂದು ಕಳಿಸುವುದು. ಅಷ್ಟರಲ್ಲಿ ಸಾಲಿನಲ್ಲಿ ಅವನ ಹಿಂದಿದ್ದ ಮೂಟೆ ಹೊರುವವನು ರುಜು ಹಾಕಿ ತಂತಿ ತೆಗೆದುಕೊಂಡು ಹೋಗುತ್ತಿದ್ದ. ಜಗಳಗಂಟಿಗೆ ತಂತಿ, ಕುಡಿದು ಬಿದ್ದವನಿಗೆ ತಂತಿ, "ಮೇಷ್ಟ್ರೇ" ಎನ್ನದೆ "ಏಯ್" ಎಂದವನಿಗೆ ಖಂಡಿತ ತಂತಿ. ನಿಜವಾದ ಕೈಗಳಿಗೆ ತಗಡು. ಇದನ್ನವರು ಮೋಸ ಎಂದುಕೊಳ್ಳಲಿಲ್ಲ. ಗೊತ್ತಿಲ್ಲದವರು ಕಣ್ಣುಮುಚ್ಚಿ ಹಂಚುತ್ತಿದ್ದುದನ್ನು ತಾವು ಕಣ್ಣುಬಿಟ್ಟು ಹಂಚುತ್ತಿದ್ದೇವೆ ಅಂದುಕೊಂಡರು.

ಎಂಟು ತಿಂಗಳು ಹೀಗೆ ನಡೆಯಿತು. ಒಂದು ಸೋಮವಾರ ಅವರ ಅಕ್ಕ ಬಿದ್ದಳು.

ಈ ಅಕ್ಕ ಮೇಷ್ಟ್ರಿಗೆ ತಾಯಿಯ ಜಾಗದಲ್ಲಿದ್ದವಳು. ಮೇಷ್ಟ್ರು ಒಂಬತ್ತು ವರ್ಷದವರಿದ್ದಾಗ ಅಮ್ಮ ತೀರಿಕೊಂಡರು, ಆಗ ಅಕ್ಕನಿಗೆ ಹದಿನಾರು. ಅವಳು ಶಾಲೆಯ ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಗೆ ದಾರ ಕತ್ತರಿಸಲು ಸೇರಿ, ಹೊಲಿಗೆ ಕಲಿತು, ಕೊನೆಗೆ ಕಟಿಂಗ್ ಮೇಜಿಗೆ ಬಂದಿದ್ದಳು. ತಮ್ಮನನ್ನು ಓದಿಸಿ, ಆಸ್ಪತ್ರೆಯ ಕೆಲಸಕ್ಕೆ ಹಚ್ಚಿ, ಮದುವೆ ಮಾಡಿ, ತಾನು ಹಾಗೆಯೇ ಉಳಿದಳು. ಅರವತ್ತೊಂದಾದರೂ ಎಂಟು ಪದರ ಬಟ್ಟೆಯನ್ನು ಒಂದೇ ಸಲಕ್ಕೆ ದೊಡ್ಡ ಕತ್ತರಿಯಲ್ಲಿ ಸೀಳುತ್ತಿದ್ದಳು. ಮಾಲೀಕ ಅವಳನ್ನು ಬಿಟ್ಟು ಇನ್ನೊಬ್ಬರ ಕೈಗೆ ಆ ಕತ್ತರಿ ಕೊಡುತ್ತಿರಲಿಲ್ಲ. ಜಗತ್ತಿನಲ್ಲಿ ಮೇಷ್ಟ್ರು ಮೂಗು ಮುರಿಯದ ವಸ್ತು ಯಾವುದಾದರೂ ಇದ್ದರೆ ಅದು ಅಕ್ಕನ ಬಲಗೈ. ಕಾರ್ಖಾನೆಯ ಒದ್ದೆ ಮೆಟ್ಟಿಲಲ್ಲಿ ಜಾರಿ, ಅವಳು ಆ ಕೈಯನ್ನೇ ಊರಿ ಬಿದ್ದಳು.

ಮೇಷ್ಟ್ರು ಫಿಲಂ ನೋಡಿದರು. ಮೂಳೆ ಹಿಂದಕ್ಕೆ ಜರುಗಿತ್ತು. ಮೂರು ತುಂಡು. ಆಪರೇಷನ್ ಆಗಲೇಬೇಕು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವರು ಹೇಗೆ ಬಿದ್ದೆ ಎಂದು ಕೇಳುವುದನ್ನೇ ಮರೆತರು.

"ಅಕ್ಕ, ಆ ಹೋಲಿಕೆ ಗೀಲಿಕೆ ಅಂತ ಬಂದ್ರೆ ಬೇಡ ಅನ್ನು. ನಾನು ತಗಡು ಡಾಕ್ಟ್ರ ಕೈಕಾಲು ಹಿಡಿದಾದ್ರೂ ಪ್ಲೇಟ್ ಹಾಕಿಸ್ತೀನಿ."

ಅಷ್ಟರೊಳಗೆ ಗೊತ್ತಿಲ್ಲ ಡಾಕ್ಟ್ರು ಅವಳೊಂದಿಗೆ ಮಾತಾಡಿ ಆಗಿತ್ತು. ಅಕ್ಕ, "ಇಲ್ಲ ಕಣೋ, ನಾನು ಸೇರ್ಕೋತೀನಿ. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದ ಡಾಕ್ಟ್ರನ್ನ ನಾನು ಇವತ್ತೇ ನೋಡಿದ್ದು. ಆ ಹುಡುಗಿ ಮೇಲೆ ನಂಗೆ ನಂಬಿಕೆ ಬಂತು" ಎಂದಳು.

"ನಿಂಗೆ ತಲೆ ಕೆಟ್ಟಿದೆಯಾ? ಇದು ಕತ್ತರಿ ಹಿಡಿಯೋ ಕೈ!"

"ನಂದೊಂದೇ ಏನೋ ಕೈ? ಚೀಟೀಲಿ ಏನು ಬರುತ್ತೋ ಬರಲಿ. ನಾಳೆ ನನ್ನಂಥವಳು ಇನ್ನೊಬ್ಬಳು ಬಿದ್ರೆ ಅವಳಿಗಾದ್ರೂ ಗೊತ್ತಾಗುತ್ತಲ್ಲ."

ಮೇಷ್ಟ್ರು ಸುಮ್ಮನಾದರು. ಅವರು ಸುಮ್ಮನಾದರೆ ಅನುಮಾನ ಪಡಬೇಕು. ಬೀರು ತೆಗೆದು ನೂರ ಹನ್ನೆರಡನೆಯ ಲಕೋಟೆಯನ್ನು ಬೆಳಕಿಗೆ ಹಿಡಿದರು. ತಂತಿ. ನೂರ ಹದಿಮೂರು ಹಿಡಿದರು. ಪ್ಲೇಟ್. ಹೊರಗೆ ಬೆಂಚಿನಲ್ಲಿ ಅಕ್ಕನ ಪಕ್ಕದಲ್ಲಿ ಇನ್ನೊಬ್ಬಳು ಮಣಿಕಟ್ಟು ಮುರಿದವಳು ಕೂತಿದ್ದಳು, ಸಿನಿಮಾ ಮಂದಿರದ ನೆಲ ಒರೆಸುವವಳು. ಅವಳದೂ ಬಲಗೈ. ಐವತ್ತರ ಆಸುಪಾಸು, ಗಟ್ಟಿ ಗಂಟಲು. ಬೆಳಿಗ್ಗೆಯೇ ಸಾಲಿನಲ್ಲಿ ನಿಂತು, "ಒಳಗಿರೋರು ಪಟ್ಟಿ ಸುತ್ತುತಿದಾರೋ ನಿದ್ದೆ ಮಾಡ್ತಿದಾರೋ?" ಎಂದು ಕೂಗಿದ್ದಳು. ಮೇಷ್ಟ್ರು ಅವಳಿಗೆ ಬಕೆಟ್ಟಮ್ಮ ಎಂದು ಹೆಸರಿಟ್ಟು ಮುಗಿಸಿದ್ದರು.

"ಅಕ್ಕ, ನಿನ್ನ ಫಿಲಂ ಅಲುಗಾಡಿದೆ. ಇನ್ನೊಂದು ತೆಗೆಸ್ಕೊಂಡು ಬಾ" ಎಂದರು. ಅಕ್ಕ ನೋವು ನುಂಗಿಕೊಂಡು, ಎಡಗೈಯಿಂದ ಬಲಗೈ ಹಿಡಿದು, ಎಕ್ಸ್‌ರೇ ಕೋಣೆಗೆ ಮತ್ತೊಮ್ಮೆ ಹೋದಳು. ಅವಳು ವಾಪಸು ಬರುವಷ್ಟರಲ್ಲಿ ಬಕೆಟ್ಟಮ್ಮ ಹೆಬ್ಬೆಟ್ಟು ಒತ್ತಿ ನೂರ ಹನ್ನೆರಡನ್ನು ತೆಗೆದುಕೊಂಡಿದ್ದಳು.

ಅಕ್ಕನಿಗೆ ನೂರ ಹದಿಮೂರರ ಪ್ಲೇಟ್ ಬಂತು, ಆಪರೇಷನ್ ಸಸೂತ್ರವಾಗಿ ಆಯಿತು. ಮೂರನೆಯ ವಾರಕ್ಕೆ ಅಕ್ಕ ತನ್ನ ಗುಂಡಿ ತಾನೇ ಹಾಕಿಕೊಂಡಳು. ಮೇಷ್ಟ್ರು ಬೀಗಿದರು. ಆರನೆಯ ವಾರಕ್ಕೆ ಬಕೆಟ್ಟಮ್ಮ ಪಟ್ಟಿ ಬಿಚ್ಚಿಸಲು ಬಂದಳು. ಗರಗರ ಎನ್ನುವ ಕತ್ತರಿಸುವ ಯಂತ್ರಕ್ಕೆ ಹೆದರಿ ಕಿರುಚಿದಳು. ಮೇಷ್ಟ್ರು, ಮೂರು ಎಣಿಸುತ್ತೇನೆ ಎಂದು ಹೇಳಿ ಎರಡಕ್ಕೇ ತಂತಿ ಎಳೆದರು. ಕೈ ಕಡ್ಡಿಯ ಹಾಗಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ. "ನೋಡಿದ್ರಾ?" ಎಂದು ಮೇಷ್ಟ್ರು ಖಾಲಿ ರೂಮಿಗೆ ಹೇಳಿದರು. ಅಕ್ಕ ಒಂದು ವೇಳೆ ಫಿಲಂ ತೆಗೆಸಲು ಹೋಗದೇ ಇದ್ದಿದ್ದರೆ ಇದು ಅವಳ ಕೈ ಆಗಿರುತ್ತಿತ್ತಲ್ಲ ಎಂದುಕೊಂಡರು. ಆಮೇಲೆ ತಮ್ಮ ಬೆನ್ನು ತಾವೇ ಚಪ್ಪರಿಸಿಕೊಂಡರು.

ಆದರೆ ವ್ಯಾಯಾಮದ ಕೋಣೆಯಲ್ಲಿ ಬೇರೊಂದು ಸಂಗತಿ ನಡೆಯುತ್ತಿತ್ತು. ಅಲ್ಲಿನ ಮೇಡಂ ಬಂದವರ ಕೈಗೆಲ್ಲ ಸ್ಪಂಜು ಕೊಟ್ಟು "ಹಿಂಡಿ, ಹಿಂಡಿ" ಎನ್ನುತ್ತಿದ್ದರು. ಮೇಷ್ಟ್ರು ಅವರನ್ನು ಹಿಂಡೋ ಮೇಡಂ ಎಂದೇ ಕರೆಯುತ್ತಿದ್ದರು. ಅಕ್ಕನಿಗೂ ಬಕೆಟ್ಟಮ್ಮನಿಗೂ ಒಂದೇ ಬೆಂಚು, ಒಂದೇ ಹೊತ್ತು. ಮೊದಲ ವಾರ ಬರೀ ನೋವಿನ ಮಾತು. ಎರಡನೆಯ ವಾರ ಮಾಲೀಕರನ್ನು ಬೈದರು. ಮೂರನೆಯ ವಾರದಿಂದ ಒಬ್ಬಳು ಬರದಿದ್ದರೆ ಇನ್ನೊಬ್ಬಳು ಬಾಗಿಲು ನೋಡುತ್ತ ಕೂರುವಷ್ಟು ಸ್ನೇಹ ಬೆಳೆಯಿತು. ಅಕ್ಕ ಸ್ಪಂಜು ಹಿಂಡಿದಾಗ ಬಕೆಟ್ಟಮ್ಮ, "ಅಕ್ಕಾ, ಅದು ಸ್ಪಂಜು, ನಿಮ್ ಮಾಲೀಕನ ಕತ್ತು ಅಲ್ಲ" ಎನ್ನುತ್ತಿದ್ದಳು. ಅವಳು ಆರು ವಾರ ಒಂದೇ ಕೈಯಲ್ಲಿ ಬಕೆಟ್ ಎತ್ತಿ, ಎರಡು ಆಟದ ನಡುವಿನ ಇಪ್ಪತ್ತು ನಿಮಿಷದಲ್ಲಿ ನೆಲ ಒರೆಸಿದ್ದನ್ನು ಅಕ್ಕನಿಗೆ ಹೇಳಿದ್ದಳು. ರಜೆ ಕೇಳಿದರೆ ಇನ್ನೊಬ್ಬಳನ್ನು ಇಟ್ಟುಕೊಳ್ಳುತ್ತೇವೆ ಎಂದಿದ್ದರಂತೆ.

ವರ್ಷ ಕಳೆಯಿತು. ಕೊನೆಯ ಅಳತೆಯ ದಿನ ಇಬ್ಬರೂ ಒಟ್ಟಿಗೇ ಬಂದರು. ಅಕ್ಕನ ಕೈಯ ವೈಭವ ನೋಡಲೆಂದು ಮೇಷ್ಟ್ರು ಮೊದಲ ಸಲ ಆ ನಲವತ್ತು ಹೆಜ್ಜೆ ನಡೆದರು. ಹಿಂಡೋ ಮೇಡಂ ಹಿಡಿತ ಅಳೆಯುವ ಯಂತ್ರ ಕೊಟ್ಟರು. ಅಕ್ಕ ಮುಷ್ಟಿ ಬಿಗಿದಳು. ಮುಳ್ಳು ಹತ್ತೊಂಬತ್ತಕ್ಕೆ ನಿಂತಿತು. ಬಕೆಟ್ಟಮ್ಮ ಹಲ್ಲು ಕಚ್ಚಿ ಹಿಂಡಿದಳು. ಇಪ್ಪತ್ತು.

"ಯಂತ್ರ ಕೆಟ್ಟಿದೆ" ಎಂದರು ಮೇಷ್ಟ್ರು.

"ಯಂತ್ರ ಸರಿಯಾಗಿದೆ" ಎಂದರು ಹಿಂಡೋ ಮೇಡಂ. ಮಣಿಕಟ್ಟು ಮೇಲಕ್ಕೆ, ಕೆಳಕ್ಕೆ, ಪಕ್ಕಕ್ಕೆ ಬಗ್ಗಿಸಿ ಅಳೆದರು. ಬಾಟಲಿಯ ಮುಚ್ಚಳ ತಿರುಗಿಸಲು, ಕೆಟಲ್ ಎತ್ತಲು, ಬೆನ್ನು ತಿಕ್ಕಿಕೊಳ್ಳಲು ಕಷ್ಟವೇ ಎಂದು ಇಬ್ಬರನ್ನೂ ಕೇಳಿ ಬರೆದುಕೊಂಡರು. ಎಲ್ಲದರಲ್ಲೂ ಒಂದು ಹೆಚ್ಚು, ಒಂದು ಕಡಿಮೆ, ಅಷ್ಟೇ.

"ಇದು ಹೇಗೆ ಸಾಧ್ಯ? ಇವಳದು ತಂತಿ! ಬಿಚ್ಚಿದ ದಿನ ನಾನೇ ನೋಡಿದೀನಿ, ಕಡ್ಡಿ ಆಗಿತ್ತು!"

"ನೀವು ಆರನೇ ವಾರ ನೋಡ್ತೀರಿ ಮೇಷ್ಟ್ರೇ. ನಾನು ವರ್ಷದ ಮೇಲೆ ನೋಡ್ತೀನಿ. ತಂತಿಯೋರು ಶುರುವಲ್ಲಿ ಹಿಂದೆ ಬೀಳ್ತಾರೆ, ಆಮೇಲೆ ಬಂದು ಸೇರ್ಕೋತಾರೆ. ಬಹಳ ಜನ ಹೀಗೇ. ನಾನು ಅಳೆಯೋಳು, ಕೂಡಿ ಕಳೆಯೋದು ಡಾಕ್ಟ್ರ ಕೆಲಸ. ಆದ್ರೆ ನನ್ನ ಕಣ್ಣಿಗೆ ದೊಡ್ಡ ವ್ಯತ್ಯಾಸ ಏನೂ ಕಂಡಿಲ್ಲ."

ಅಕ್ಕ ನಕ್ಕಳು. "ಅಂದ್ರೆ ಅಳಿಯ ಅಲ್ಲ, ಮಗಳ ಗಂಡ! ನೀನು ಇಷ್ಟು ವರ್ಷ ಅದಕ್ಕಾ ಕೂಗಾಡಿದ್ದು?"

ಬಕೆಟ್ಟಮ್ಮನೂ ನಕ್ಕಳು. ಮೇಷ್ಟ್ರನ್ನು ನೋಡಿ ನೆಲ ಒರೆಸುವವಳು ನಕ್ಕಳು! ಮೇಷ್ಟ್ರ ಕಿವಿ ಕೆಂಪಾಯಿತು. ಆ ಕೆಂಪು ಕಿವಿ ಹೊತ್ತೇ ಅಕ್ಕನನ್ನು ಕಾರ್ಖಾನೆಗೆ ಬಿಡಲು ಹೋದರು.

ಕಟಿಂಗ್ ಮೇಜು ಎಂದರೆ ಇಪ್ಪತ್ತಡಿ ಉದ್ದದ ಹಲಗೆ. ಊಟದ ಬಿಡುವಾದ್ದರಿಂದ ಹೊಲಿಗೆ ಯಂತ್ರಗಳು ನಿಂತಿದ್ದವು. ಅಕ್ಕ ನೀಲಿ ಬಟ್ಟೆಯ ಪದರಗಳ ಮೇಲೆ ಅಳತೆ ಕಾಗದ ಹರಡಿ, ಮೂಲೆಗಳಿಗೆ ಕಬ್ಬಿಣದ ತುಂಡು ಹೇರಿ, ಕತ್ತರಿ ಕೈಗೆ ತೆಗೆದುಕೊಂಡಳು. ಮೇಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ.

"ನಗ್ತೀಯಾ ನೀನು? ನಿನ್ನ ಕೈ ಉಳಿಸಿದ್ದು ನಾನು! ಆವತ್ತು ಇನ್ನೊಂದು ಫಿಲಂ ಅಂತ ಕಳಿಸ್ದೇ ಇದ್ದಿದ್ರೆ ತಂತಿ ಚೀಟಿ ನಿಂಗೆ ಬರ್ತಿತ್ತು. ತಗಡು ಆ ಬಕೆಟ್ಟಮ್ಮನ ಪಾಲಾಗ್ತಿತ್ತು. ಆರು ವಾರ ಕೈ ಕಟ್ಕೊಂಡು ಕೂತಿದ್ರೆ ಗೊತ್ತಾಗ್ತಿತ್ತು ನಿಂಗೆ ಅಳಿಯ ಯಾರು, ಮಗಳ ಗಂಡ ಯಾರು ಅಂತ."

ಅಕ್ಕ ಕತ್ತರಿ ಕೆಳಗಿಟ್ಟಳು. "ಏನಂದೆ?"

ಅವರು ಹೇಳಿದರು. ಬೆಳಕಿನ ಪೆಟ್ಟಿಗೆ, ನೂರ ಹನ್ನೆರಡು, ನೂರ ಹದಿಮೂರು, ಎಲ್ಲ. ಹೇಳುವಾಗ ಅವರಿಗೆ ಹೆಮ್ಮೆಯೇ ಇತ್ತು. ಕೃತಜ್ಞತೆಗಾಗಿ ಕಾದರು.

"ನಂಗೊಬ್ಬಳಿಗೇನಾ, ಇನ್ನೂ ಯಾರಿಗಾದ್ರೂ ಮಾಡಿದೀಯಾ?"

"ಒಂದು ಇಪ್ಪತ್ತು... ಮೂವತ್ತು ಜನಕ್ಕೆ. ಯೋಗ್ಯರಿಗೆ ಮಾತ್ರ."

"ಯೋಗ್ಯರು ಅಂತ ಯಾರು ಹೇಳಿದ್ದು?"

"ನಾನು ನೋಡಿದ್ರೆ ಗೊತ್ತಾಗುತ್ತೆ. ಅಕ್ಕ, ಅವಳು ನೆಲ ಒರೆಸೋಳು! ಅವಳಿಗೆ ತಗಡು ಯಾಕೆ?"

ಅಕ್ಕ ಮೇಜಿನ ಮೇಲಿನ ಅಳತೆ ಕಾಗದವನ್ನು ಬೆರಳಿನಿಂದ ಒಂದಿಷ್ಟು ಜರುಗಿಸಿದಳು. "ಇದು ಇಷ್ಟು ಸರಿದ್ರೆ ಏನಾಗುತ್ತೆ ಹೇಳು. ಎಂಟು ಪದರಾನೂ ಹಾಳು. ಮೇಲಿನದೊಂದೇ ಅಲ್ಲ. ಆ ಹುಡುಗಿ ಎರಡು ವರ್ಷದಿಂದ ಅಳೀತಿದಾಳೆ. ನೀನು ಕಾಗದ ಸರಿಸಿಟ್ಟು ಬಂದಿದೀಯ, ಅವಳು ಕತ್ತರಿಸ್ತಾನೇ ಇದಾಳೆ. ಒಳ್ಳೆಯ ಕೈಗೆಲ್ಲ ತಗಡು ಕೊಟ್ಟು ಆಮೇಲೆ ತಗಡಿನ ಕೈ ಒಳ್ಳೇದು ಅಂದ್ರೆ ಅದು ಯಾವ ಸೀಮೆ ನ್ಯಾಯ?"

"ಎರಡೂ ಒಂದೇ ಅಂತ ಬಂತಲ್ಲ, ಇನ್ನೇನು ಹಾಳಾಯ್ತು?"

"ಒಂದೇ ಅಂತ ಗೊತ್ತಿದ್ದು ಮಾಡಿದ್ಯಾ? ಅವಳ ಕೈ ಹೋದ್ರೂ ಪರವಾಗಿಲ್ಲ ಅಂತ ಮಾಡಿದೆ. ಮೂರನೇ ವಾರಕ್ಕೆ ನಾನು ಗುಂಡಿ ಹಾಕ್ಕೊಂಡೆ, ಆರು ವಾರ ಅವಳು ಒಂದೇ ಕೈಲಿ ಬಕೆಟ್ ಎತ್ತಿದ್ಲು. ಆ ಮೂರು ವಾರ ನಂದಲ್ಲ, ಅವಳದು. ಕದ್ದು ತಂದು ನಂಗೆ ಕೊಟ್ಟಿದೀಯ. ನಾಳೆ ಬೆಳಿಗ್ಗೆ ಹೋಗಿ ಡಾಕ್ಟ್ರಿಗೆ ಹೇಳು."

ಮೇಷ್ಟ್ರು ಹೇಳಲಿಲ್ಲ. ಮಾರನೆಯ ದಿನ ಗೊತ್ತಿಲ್ಲ ಡಾಕ್ಟ್ರು ಎದುರಿಗೆ ಸಿಕ್ಕಿ ನಮಸ್ಕಾರ ಮಾಡಿದರು. ಇವರು ಬಕೆಟ್ಟಿನೊಳಗೆ ಕಣ್ಣು ನೆಟ್ಟರು. ಈ ಚೋಟುದ್ದದವಳ ಮುಂದೆ ತಪ್ಪಾಯಿತು ಎನ್ನುವುದೇ? ಅಕ್ಕನಿಗೆ ಎರಡು ದಿನ ಕೋಪ, ಮೂರನೆಯ ದಿನ ಕರೆದು ಊಟಕ್ಕೆ ಹಾಕುತ್ತಾಳೆ. ಯಾವತ್ತೂ ಹಾಗೆಯೇ ಆಗಿತ್ತು. ಎರಡನೆಯ ದಿನವೂ ಕಳೆಯಿತು, ಮೂರನೆಯ ದಿನವೂ ಕಳೆಯಿತು. ಊಟಕ್ಕೆ ಕರೆ ಬರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಮೇಷ್ಟ್ರು ಯಾವನದೋ ಕಾಲಿಗೆ ಹತ್ತಿ ಸುತ್ತುತ್ತಿದ್ದಾಗ, "ಡಾಕ್ಟ್ರು ಕರೀತಿದಾರೆ" ಎಂದು ನರ್ಸ್ ಬಂದು ಹೇಳಿದಳು. ಹೋದರೆ ಡಾಕ್ಟರ ಮೇಜಿನ ಎದುರು ಅಕ್ಕ ಕೂತಿದ್ದಳು. ಪಕ್ಕದ ಕುರ್ಚಿಯಲ್ಲಿ ಆ ನೆಲ ಒರೆಸುವವಳು. ಇವರು ಬಂದಾಗ ಆಕೆ ತಲೆ ಎತ್ತಲಿಲ್ಲ.

ಅಕ್ಕ ಬರೆಯುತ್ತಿದ್ದಳು. ಮೇಷ್ಟ್ರ ಕಣ್ಣು ಮೊದಲು ಹೋದದ್ದು ಕಾಗದದ ಮೇಲಲ್ಲ, ಮಣಿಕಟ್ಟಿನ ಮೇಲೆ. ಚಟ ಅಂಥದ್ದು. ಕೈ ಸಲೀಸಾಗಿ ಎಡದಿಂದ ಬಲಕ್ಕೆ ಸಾಗುತ್ತಿತ್ತು, ಹೆಬ್ಬೆರಳು ಪೆನ್ನನ್ನು ಗಟ್ಟಿಯಾಗಿ ಹಿಡಿದಿತ್ತು, ಸಾಲಿನ ತುದಿಯಲ್ಲಿ ತಿರುಗುವಾಗ ಎಲ್ಲೂ ತಡೆಯಲಿಲ್ಲ. ಕೈ ಪೂರ್ತಿ ಗುಣವಾಗಿತ್ತು.

ಅಕ್ಕ ಬರೆದು ಮುಗಿಸಿ, ಕೆಳಗೆ ರುಜು ಹಾಕಿ, ಕಾಗದವನ್ನು ಡಾಕ್ಟರ ಕಡೆ ತಳ್ಳಿದಳು. ಡಾಕ್ಟರು ಓದಿದರು. ಎರಡು ಸಲ ಓದಿದರು. ಆಕೆಯ ಸಣ್ಣ ದನಿ ಇನ್ನೂ ಸಣ್ಣದಾಗಿತ್ತು.

"ಮೇಷ್ಟ್ರೇ, ಇದರಲ್ಲಿರೋದು ನಿಜಾನಾ?"

ಮೇಷ್ಟ್ರು ಅಕ್ಕನನ್ನು ನೋಡಿದರು. ಅವಳು ಕಿಟಕಿಯಾಚೆ ನೋಡುತ್ತಿದ್ದಳು. "ಹೌದು ಮೇಡಂ."

"ಯಾರ್‍ಯಾರಿಗೆ ಅಂತ ನೆನಪಿದೆಯಾ? ಆ ಹೆಸರುಗಳನ್ನೆಲ್ಲ ತೆಗೀಬೇಕಾಗುತ್ತೆ. ಎಲ್ಲಾ ತಿರುಗಿ ನೋಡಬೇಕು. ಬಹುಶಃ ಪೂರ್ತಿ ಮತ್ತೆ ಶುರು ಮಾಡಬೇಕೇನೋ." ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಮೇಷ್ಟ್ರು ತಿರುಗಿ ಏನಾದರೂ ಅನ್ನಬಹುದಿತ್ತು. ಸೊಂಟದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟರು.

"ನೀವೂ ಒಂದ್ಸಲ ಓದಿ, ಕೆಳಗೆ ರುಜು ಹಾಕಿ" ಎಂದು ಡಾಕ್ಟರು ಕಾಗದವನ್ನು ಅವರ ಕಡೆ ತಿರುಗಿಸಿದರು.

ಅಕ್ಕನ ಅಕ್ಷರ ದುಂಡಾಗಿತ್ತು. ನಡೆದದ್ದೆಲ್ಲ ಅದರಲ್ಲಿತ್ತು, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ತಮ್ಮ ಎಂದು ಎಲ್ಲಿಯೂ ಬರೆದಿರಲಿಲ್ಲ, ಪ್ಲಾಸ್ಟರ್ ರೂಮಿನವನು ಎಂದಿತ್ತು. ಅವಳು ತನ್ನನ್ನು ಕೈಬಿಟ್ಟಳು ಎಂದು ಮೇಷ್ಟ್ರಿಗೆ ಅಳು ಬಂತು. ಕೊನೆಯ ಸಾಲಿಗೆ ಬಂದರು. ರುಜುವಿನ ಮೇಲೆ ಅವಳು ಹೀಗೆ ಬರೆದಿದ್ದಳು: "ಇವನನ್ನು ಒಂಬತ್ತನೇ ವಯಸ್ಸಿನಿಂದ ಬೆಳೆಸಿದವಳು ನಾನು. ತಪ್ಪಿನಲ್ಲಿ ಅದನ್ನೂ ಸೇರಿಸಿಕೊಳ್ಳಿ."